ರಾಯಚೂರು ಜಿಲ್ಲೆಗೆ ನಾನು ಸಮುದ್ರ ಕೊಡಿಸಿದ್ದು

೧೯೫೬ನೆಯ ಇಸವಿ ನವೆಂಬರ್ ಒಂದನೆಯ ತಾರೀಖು ನಮ್ಮ ರಾಯಚೂರು ಜಿಲ್ಲೆಗೆ ಸಮುದ್ರ ಸಿಕ್ಕಿತು. ಅದನ್ನು ಕೊಡಿಸಿದವನು ನಾನು.

ನಗುವವರು ಮೊದಲು ಹಳೆಯ ನಕ್ಷೆ ತೆಗೆದು ನೋಡಬೇಕು. ಆ ದಿನದವರೆಗೆ ನಾವಿದ್ದದ್ದು ಹೈದರಾಬಾದು ರಾಜ್ಯದಲ್ಲಿ. ಆ ರಾಜ್ಯವನ್ನು ಯಾವ ಮಗ್ಗುಲಿಗೆ ತಿರುಗಿಸಿ ನೋಡಿದರೂ ಒಂದು ಚರಿಗೆ ಉಪ್ಪುನೀರು ಸಿಗುತ್ತಿರಲಿಲ್ಲ. ನಾಲ್ಕೂ ಕಡೆ ಬರೀ ನೆಲ. ಆ ದಿನ ಕನ್ನಡ ಜಿಲ್ಲೆಗಳು ಒಂದಾದವು, ಕಾರವಾರ ಮಂಗಳೂರುಗಳು ನಮ್ಮವಾದವು, ಅವುಗಳ ಮುಂದೆ ಬಿದ್ದುಕೊಂಡಿದ್ದ ಸಮುದ್ರವೂ ಜೊತೆಯಲ್ಲಿ ಬಂತು. ಇದಕ್ಕಾಗಿ ದುಡಿದವರ ಹೆಸರುಗಳನ್ನು ಪತ್ರಿಕೆಗಳು ಪುಟಗಟ್ಟಲೆ ಅಚ್ಚುಹಾಕಿದವು. ಭಾಷಣ ಮಾಡಿದವರು, ಜೈಲು ಕಂಡವರು, ಮನವಿ ಬರೆದವರು, ಮನವಿ ಬರೆಯುವವರಿಗೆ ಚಹಾ ತಂದುಕೊಟ್ಟವರು, ಎಲ್ಲರೂ ಇದ್ದರು. ಮಸ್ಕಿಯ ಕಿರಾಣಿ ವ್ಯಾಪಾರಿ ಅಮರಗುಂಡಪ್ಪ ಇರಲಿಲ್ಲ. ಎರಡು ಸಲ ಹುಡುಕಿದೆ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಹುಡುಕಿದೆ. ಕೂದಲೆಣ್ಣೆಯ ಜಾಹೀರಾತಿಗೆ ಅರ್ಧ ಪುಟ ಇತ್ತು, ನನಗೆ ಒಂದು ಸಾಲಿರಲಿಲ್ಲ. ಅರ್ಧ ತಿಂದ ಬೆಲ್ಲವನ್ನು ಹುಳಿ ಎಂದು ವಾಪಸು ತರುವ ಗಿರಾಕಿಗಳಲ್ಲೂ ನಾನು ಇಷ್ಟು ಕೃತಘ್ನತೆ ಕಂಡಿಲ್ಲ. ಆದ್ದರಿಂದ ನನ್ನ ಹೊಗಳಿಕೆ ನಾನೇ ಮಾಡಿಕೊಳ್ಳಬೇಕಾಗಿ ಬಂದಿದೆ. ನನಗೆ ಈ ಕೆಲಸದ ಅಭ್ಯಾಸವಿಲ್ಲ, ತಪ್ಪಿದರೆ ಕ್ಷಮಿಸಬೇಕು.

ಪಂಪಮ್ಮ ನನ್ನ ಮಗಳ ಮಗಳು, ಲಿಂಗಸುಗೂರಿನವಳು. ೧೯೫೪ರ ಬೇಸಿಗೆಯಲ್ಲಿ ಅವಳಿಗೆ ಒಂಬತ್ತು ವರ್ಷ. ಸೂಟಿಗೆ ಮಸ್ಕಿಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಅಕ್ಕಿ ಚೀಲದ ಮೇಲೆ ಕೂತು, ಗಲ್ಲಕ್ಕೆ ಕೈಕೊಟ್ಟು, ನನ್ನ ಸಮುದ್ರದ ಸುದ್ದಿ ಕೇಳುವಳು. ಕಂಡು ಹೇಳಬಲ್ಲವನು ಜಿಲ್ಲೆಗೆಲ್ಲ ನಾನೊಬ್ಬನೇ. ಇಪ್ಪತ್ತನೆಯ ವಯಸ್ಸಿನಲ್ಲಿ ಕೊಬ್ಬರಿ ಖರೀದಿಗೆಂದು ಬೊಂಬಾಯಿಗೆ ಹೋದಾಗ ಮಸ್ಕಿ ಗುಡ್ಡದಷ್ಟು ಎತ್ತರದ ಅಲೆಯೊಂದು ನನ್ನ ಮೇಲೆ ಬಂದದ್ದು, ನನ್ನ ಹಳದಿ ರುಮಾಲು ನೋಡಿ ಅಲ್ಲೇ ತಡೆದು ನಿಂತದ್ದು, ಪಾದ ತೊಳೆದು ಹಿಂದೆ ಸರಿದದ್ದು. ಮೋಟಾರಿನಷ್ಟು ಉದ್ದದ ಮೀನು ಬಾಯಿ ತೆರೆದು, ನಾನು ಒಂದು ಸಲ ನೋಡಿದ್ದಕ್ಕೆ ಬಾಯಿ ಮುಚ್ಚಿಕೊಂಡು ಹೋದದ್ದು. ಸಮುದ್ರದ ದಂಡೆಯ ಆಕಾಶ ತೊಟ್ಟಿಲಲ್ಲಿ ನಾನು ಮೇಲೇರಿದಾಗ ಮಸ್ಕಿಯ ನಮ್ಮ ಅಂಗಡಿಯ ಬಾಗಿಲು ತೆರೆದಿದೆಯೋ ಹಾಕಿದೆಯೋ ಅಲ್ಲಿಂದಲೇ ಕಂಡದ್ದು. ಇಂಥ ಮಾತು ನಡೆದಾಗ ಒಳಗೆ ನನ್ನ ಹೆಂಡತಿ ಕಲ್ಯಾಣಮ್ಮನ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಅದಕ್ಕೆ ನಾನು ಕಿವಿಗೊಡುತ್ತಿರಲಿಲ್ಲ.

ಕಿವಿಗೊಡಬೇಕಾಗಿದ್ದದ್ದು ಲಿಂಗಸುಗೂರಿನ ಕಡೆಗೆ. ಅಲ್ಲಿ ನನ್ನ ಬೀಗ ಕರಿಬಸಪ್ಪ ಇದ್ದಾನೆ, ಪಂಪಿಯ ಇನ್ನೊಬ್ಬ ಅಜ್ಜ. ಹೊಲಮನೆಯುಳ್ಳವನು, ಮಾತು ಕಡಿಮೆ. ನಾನು ಅರ್ಧ ತಾಸು ಮಾತಾಡಿದರೆ ಅವನು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾನೆ, ಆ ಪ್ರಶ್ನೆ ಮುಳ್ಳಿನಂತೆ ಉಳಿಯುತ್ತದೆ. ಬೊಂಬಾಯಿಗೆ ಹೋದದ್ದು ಯಾವ ವರ್ಷ ಎಂದು ಒಮ್ಮೆ ಕೇಳಿದ್ದ. ಇದು ಬೀಗರಿಗೆ ಕೇಳುವ ಪ್ರಶ್ನೆಯೇ? ಮಗಳನ್ನು ಕೊಟ್ಟ ಮನೆಯೆಂದು ಸುಮ್ಮನಿದ್ದೆ.

ಪಂಪಿ ಆ ಮನೆಯಲ್ಲಿ ಕೂತು, ನನ್ನ ಅಲೆ, ನನ್ನ ಮೀನು, ನನ್ನ ತೊಟ್ಟಿಲು ಎಲ್ಲವನ್ನೂ ಹೇಳಿದ್ದಳು. ಶಾಲೆಯಲ್ಲೂ ಹೇಳಿದ್ದಳು. ನಂಬದ ಒಬ್ಬ ಹುಡುಗಿಯ ಪಾಟಿ ಒಡೆದಿದ್ದಳು. ಈ ಸೂಟಿಯಲ್ಲಿ ಮಸ್ಕಿ ಅಜ್ಜ ನನಗೆ ಸಮುದ್ರ ತೋರಿಸುತ್ತಾನೆ ಎಂದು ಸಾರಿಯೂ ಬಂದಿದ್ದಳು. ಅದಕ್ಕೆ ಕರಿಬಸಪ್ಪ ಹೇಳಿದ ಮಾತನ್ನು ಅವಳು ಅಕ್ಷರ ಬಿಡದೆ ನನಗೆ ಒಪ್ಪಿಸಿದಳು.

"ತೋರಿಸಿದ್ರ ಬಂದು ಹೇಳು. ತೋರಸಲಿಲ್ಲಂದ್ರ ಮಸ್ಕಿ ಅಜ್ಜನ ಮಾತು ಈ ಮನ್ಯಾಗ ಇನ್ನೊಮ್ಮೆ ಎತ್ತಬ್ಯಾಡ."

ನೋಡಿ ಆ ಸೊಕ್ಕು. ನನ್ನ ಮೊಮ್ಮಗಳ ಬಾಯಿಯಲ್ಲಿ ನನ್ನ ಹೆಸರೇ ಬರಬಾರದಂತೆ. ನಾನು ಆ ಕ್ಷಣವೇ ಎದ್ದು, ತೋರಿಸುತ್ತೇನೆ, ಬೇಕಾದರೆ ಎರಡು ಸಮುದ್ರ ತೋರಿಸುತ್ತೇನೆ ಎಂದುಬಿಟ್ಟೆ. ಒಳಗೆ ಒಂದು ತಾಟು ಬಿದ್ದ ಸದ್ದಾಯಿತು.

ಎಂಟು ದಿನ ನನಗೆ ನಿದ್ದೆಯಿಲ್ಲ. ಒಂಬತ್ತನೆಯ ದಿನ ದೇವರು ದಾರಿ ತೋರಿಸಿದ. ಡೋಲು ಬಡಿಯುತ್ತ ಒಂದು ಬಂಡಿ ಬಂದು ಮಸ್ಕಿಯ ಬೀದಿಯಲ್ಲಿ ಗುಲಾಬಿ ಬಣ್ಣದ ಚೀಟಿ ತೂರಿ ಹೋಯಿತು: ಸಿಂಧನೂರಿನಲ್ಲಿ ಅಮೀನ್‌ಸಾಬರ ಕಂಪನಿ, ಬೊಂಬಾಯಿ ಸಮುದ್ರ ತೀರದ ನುಮಾಯಿಶ್ ಅಂದರೆ ಪ್ರದರ್ಶನ, ಅಲೆ, ಜಹಾಜು, ಉಸುಕಿನ ದಂಡೆ, ಎಂಜಿನ್ನಿನಿಂದ ತಿರುಗುವ ಆಕಾಶ ತೊಟ್ಟಿಲು. ಇಪ್ಪತ್ತು ಮೈಲಿನೊಳಗೆ ಸಮುದ್ರ. ಬೊಂಬಾಯಿಯವರು ತಮ್ಮ ಸಮುದ್ರವನ್ನು ಇಷ್ಟು ಹತ್ತಿರ ತಂದುಕೊಡುತ್ತಾರೆಂದು ನಾನು ಎಣಿಸಿರಲಿಲ್ಲ.

ಸುದ್ದಿ ಓಣಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಗುಲ್ಷನ್‌ಬೀ ಮೊಣಕಾಲಿನ ನೋವಿಗೆ ಹಚ್ಚಿಕೊಳ್ಳಲು ಸಮುದ್ರದ ನೀರು ತರಬೇಕೆಂದು ಒಂದು ಶೀಷೆ ಕೊಟ್ಟಳು. ಮುಚ್ಚಳ ಸಡಿಲವಿದೆ, ಅಲೆಯ ರಭಸಕ್ಕೆ ಹಾರಿ ಹೋಗದಂತೆ ನೋಡಿಕೊಳ್ಳಬೇಕೆಂದಳು. ಕಲ್ಯಾಣಮ್ಮ ರೊಟ್ಟಿ ಕಟ್ಟಿಕೊಡುತ್ತ ನನ್ನ ಮುಖ ನೋಡದೆ, "ಕೂಸಿಗೆ ಏನ್ ತೋರಸ್ತೀರೋ ತೋರಸ್ರಿ, ಅಳಿಸಿಗೊಂಡು ಮಾತ್ರ ಬರಬ್ಯಾಡ್ರಿ" ಎಂದಳು. ಇಂಥ ಮಾತು ಕೇಳಿಸಿಕೊಂಡು ಹೊರಟವರು ಯಾರಾದರೂ ಗೆದ್ದು ಬಂದದ್ದುಂಟೇ?

ಇಲ್ಲಿ ಒಂದು ವಿಷಯ ಹೇಳಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ನಮ್ಮ ಮನೆಯಲ್ಲಿ ಸ್ನಾನ ಮಾಡಿ, ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸುವ ತನಕ ಬಾಯಿಗೆ ನೀರೂ ಬೀಳುವುದಿಲ್ಲ. ನಮ್ಮಪ್ಪನಿಂದ ಬಂದದ್ದು, ನಾನೂ ತಪ್ಪಿಸಿಲ್ಲ. ಆ ದಿನ ನಸುಕಿನ ಮೋಟಾರು ಹಿಡಿಯುವ ಗಡಿಬಿಡಿಯಲ್ಲಿ ಪೂಜೆ ಆಗಲಿಲ್ಲ. ಸಿಂಧನೂರಿನಲ್ಲಿ ನಮಗೆ ಬೇಕಾದವರಾದ ಸ್ವಾಮಿಗಳೊಬ್ಬರ ಮನೆಯಿದೆ, ಅಲ್ಲಿ ಮಾಡಿಕೊಂಡರಾಯಿತು ಎಂದು ಹೊರಟೆ. ಆದರೆ ಮೋಟಾರಿನಿಂದ ಇಳಿದದ್ದೇ ತಡ, ದೂರದಲ್ಲಿ ತೊಟ್ಟಿಲಿನ ತುದಿ ಕಂಡಿತು, ಪಂಪಿ ನನ್ನ ಧೋತರದ ಚುಂಗು ಹಿಡಿದು ಎಳೆದುಕೊಂಡು ಹೋದಳು. ಸ್ವಾಮಿಗಳ ಮನೆ ಹಿಂದುಳಿಯಿತು.

ಆ ಸಮುದ್ರವನ್ನು ಏನೆಂದು ವರ್ಣಿಸಲಿ? ಹೊಸ ಕಾಲುವೆಯ ಕೆಲಸಕ್ಕೆ ಮಣ್ಣು ತೆಗೆದ ಒಂದು ದೊಡ್ಡ ತಗ್ಗು. ಅದರಲ್ಲಿ ಸೊಂಟದ ಮಟ್ಟ ನೀರು. ಆ ದಂಡೆಗೆ ಇಬ್ಬರು ಗಟ್ಟಿಗರು ಮುರಿದ ಬಾಗಿಲೊಂದನ್ನು ಹಿಡಿದು ನೀರು ನೂಕುತ್ತಿದ್ದರು, ಅದು ಅಲೆ. ನಮ್ಮ ಕಡೆ ಹೊಳೆ ದಾಟಲು ಬಳಸುವ ಚರ್ಮದ ಹರಿಗೋಲಿಗೆ ಬಣ್ಣ ಬಳಿದು ಬಾವುಟ ಸಿಕ್ಕಿಸಿದ್ದರು, ಅದು ಜಹಾಜು. ಇನ್ನು ಉಸುಕು. ನಾನು ಬಗ್ಗಿ ಒಂದು ಹಿಡಿ ಎತ್ತಿ ನೋಡಿದೆ. ಮಸ್ಕಿ ಹಳ್ಳದ ಉಸುಕು. ಅದೇ ಹಳ್ಳದಲ್ಲಿ ಹೊರಳಾಡಿ ದೊಡ್ಡವನಾದ ನನಗೆ, ಮೋಟಾರಿಗೆ ಕರೆದುಕೊಂಡು ಬಂದು, ಟಿಕೀಟು ಹರಿದು, ನನ್ನ ಹಳ್ಳವನ್ನೇ ತೋರಿಸುತ್ತಿದ್ದರು.

ಪಂಪಿ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗುಲ್ಷನ್‌ಬೀಯ ಶೀಷೆ ತುಂಬಿದಳು. ಒಂದು ಬೆರಳು ಅದ್ದಿ ನೆಕ್ಕಿದಳು.

"ಅಜ್ಜಾ, ಇದು ನಮ್ಮ ಅಂಗಡಿ ಉಪ್ಪು."

ಒಂದು ವಾರದ ಹಿಂದೆ ಯಾರೋ ಬಂದು ಹತ್ತು ಚೀಲ ಹರಳುಪ್ಪು ಒಯ್ದಿದ್ದರು. ಮದುವೆಯೇ ಎಂದು ಕೇಳಿದ್ದಕ್ಕೆ, ಅದಕ್ಕಿಂತ ದೊಡ್ಡದು ಎಂದು ನಕ್ಕಿದ್ದರು. ನನ್ನ ಉಪ್ಪನ್ನು ನನ್ನ ಹಳ್ಳದ ದಂಡೆಗೆ ಸುರಿದು ನನಗೇ ಸಮುದ್ರವೆಂದು ತೋರಿಸುವ ಈ ಧೈರ್ಯ ನಿಜಾಮನಿಗೂ ಇರಲಿಲ್ಲ. (ಗುಲ್ಷನ್‌ಬೀಯ ಮೊಣಕಾಲು ಮುಂದೆ ಆ ನೀರಿನಿಂದಲೇ ವಾಸಿಯಾಯಿತು. ಅದು ನನ್ನ ಉಪ್ಪಿನ ಗುಣ, ಕಂಪನಿಯದಲ್ಲ.)

ಪಂಪಿ ಎದ್ದು ನಿಂತು ನನ್ನನ್ನೇ ನೋಡಿದಳು. "ಬೊಂಬಾಯಿದೂ ಹಿಂಗ ಇತ್ತೇನು?"

ಹೌದು ಎಂದರೆ ನನ್ನ ಮೂವತ್ತು ವರ್ಷದ ಅಲೆ, ಮೀನು ಎಲ್ಲ ಆ ತಗ್ಗಿನಲ್ಲಿ ಮುಳುಗುತ್ತಿದ್ದವು. ಅಲ್ಲ ಎಂದರೆ ಅವಳು ಸಮುದ್ರ ನೋಡಿದಂತಾಗಲಿಲ್ಲ. ಲಿಂಗಸುಗೂರಿನ ಮನೆಯಲ್ಲಿ ನನ್ನ ಹೆಸರು ಅಳಿಸಿಹೋಯಿತು. ನಾನು ಗಂಭೀರವಾಗಿ, ಇದು ಸಮುದ್ರದ ಮರಿ, ಇನ್ನೂ ಬೆಳೆಯಬೇಕು ಎಂದೆ. ಅವಳು ಗಲ್ಲ ಉಬ್ಬಿಸಿದಳು. ಅಳುವ ಗಲ್ಲವಲ್ಲ ಅದು, ಪಾಟಿ ಒಡೆಯುವ ಗಲ್ಲ.

ನಾನು ನೇರವಾಗಿ ಅಮೀನ್‌ಸಾಬನ ಡೇರೆಗೆ ನುಗ್ಗಿದೆ. ಮೂಲ ಸಮುದ್ರ ಕಂಡವನು ನಾನು, ನನ್ನ ಮುಂದೆ ಈ ಆಟ ನಡೆಯುವುದಿಲ್ಲ ಎಂದು ಗದರಿದೆ. ಆ ಮನುಷ್ಯ ಎಷ್ಟು ನಯವಂತನೆಂದರೆ ಅವನನ್ನು ಬಯ್ಯುವುದು ಬೆಣ್ಣೆಗೆ ಮೊಳೆ ಹೊಡೆದಂತೆ. ಬೊಂಬಾಯಿ ಕಂಡ ಹಿರಿಯರು ಬಂದದ್ದು ತನ್ನ ಭಾಗ್ಯ ಎಂದ. ಸಮುದ್ರ ಕೆಳಗಿನಿಂದ ಸಣ್ಣದಾಗಿ ಕಾಣುವುದು ಸಹಜ, ಮೇಲಿನಿಂದ ನೋಡಿದರೆ ಸಮುದ್ರವೇ ಎಂದ. ಅಜ್ಜ ಮೊಮ್ಮಗಳು ಇಬ್ಬರೂ ಪುಕ್ಕಟೆ ತೊಟ್ಟಿಲೇರಬೇಕೆಂದು ಕೈಮುಗಿದ. ನಿಮಗೆ ತೊಟ್ಟಿಲು ಹೊಸದಲ್ಲವಲ್ಲ ಎಂದೂ ಸೇರಿಸಿದ. ಪಂಪಿ ನನ್ನ ಪರವಾಗಿ, ಹೊಸದಲ್ಲ ಎಂದುಬಿಟ್ಟಳು.

ಏರಿದೆವು. ಕೆಳಗೆ ಎಣ್ಣೆ ಎಂಜಿನ್ನು ಕೆಮ್ಮತೊಡಗಿತು, ಚರ್ಮದ ಪಟ್ಟಾ ಓಡಿತು, ತೊಟ್ಟಿಲು ಮೇಲೆದ್ದಿತು. ನೆತ್ತಿಗೆ ತಲುಪಿತು ಎನ್ನುವಾಗ ಫಟ್ ಎಂದು ಪಟ್ಟಾ ಹರಿದು, ಎಲ್ಲ ನಿಂತಿತು. ನಾವಿಬ್ಬರು ತುತ್ತತುದಿಯಲ್ಲಿ. ಎತ್ತರ ಎಷ್ಟೆಂದು ಕೇಳುತ್ತೀರಾ? ಅಲ್ಲಿಂದ ತುಂಗಭದ್ರೆ ಕಂಡಿತು. ನಮ್ಮ ಕಾಲ ಕೆಳಗೆ ಒಂದು ಹದ್ದು ಹಾರಿ ಹೋಯಿತು, ಮೇಲೆ ನೋಡಿ ಆಶ್ಚರ್ಯಪಟ್ಟಿತು. ಉಳಿದ ತೊಟ್ಟಿಲುಗಳಲ್ಲಿದ್ದವರನ್ನು ಏಣಿ ಹಾಕಿ ಇಳಿಸಿಕೊಂಡರು. ನಮ್ಮ ತನಕ ತಲುಪುವ ಏಣಿ ಸಿಂಧನೂರಿನಲ್ಲಿರಲಿಲ್ಲ.

ನಾನು ಕಿಂಚಿತ್ತೂ ಅಲುಗಲಿಲ್ಲ. ಪಟ್ಟಾ ಹೊಲಿಸಲು ಒಂದು ತಾಸಾದರೂ ಬೇಕು, ಬಿಸಿಲು ಏರಿದೆ, ಪೂಜೆಯ ಹೊತ್ತು ಮೀರುತ್ತಿದೆ. ಸ್ನಾನವಿಲ್ಲದಿದ್ದರೇನು, ಧ್ಯಾನವಾದರೂ ಆಗಲಿ ಎಂದು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಎದೆಯ ಮುಂದೆ ಹಿಡಿದು ಕೂತೆ.

ಕೆಳಗೆ ಜನ ಸೇರಿದರು. ಮೇಲಿರುವವರಿಗೆ ಹಸಿವಾದೀತೆಂದು ಯಾರೋ ಪುಣ್ಯಾತ್ಮರು ಒಗ್ಗರಣಿ ಮಿರ್ಚಿಯ ಪೊಟ್ಟಣವನ್ನು ಉದ್ದನೆಯ ಬಿದಿರಿಗೆ ಕಟ್ಟಿ ಮೇಲಕ್ಕೆತ್ತಿದರು. ನಾನು ತಲೆಯಾಡಿಸಿದೆ. ನೀರು ಎತ್ತಿದರು. ಅದಕ್ಕೂ ತಲೆಯಾಡಿಸಿದೆ. ಪೂಜೆಯಾಗದೆ ಮುಟ್ಟುವುದಿಲ್ಲವೆಂದು ಅಷ್ಟು ಎತ್ತರದಿಂದ ವಿವರಿಸುವುದು ಹೇಗೆ? ಕೆಳಗಿನವರಿಗೆ ಕಂಡದ್ದು ಇಷ್ಟು: ಹಳದಿ ರುಮಾಲಿನ ಹಿರಿಯ, ತುದಿಯಲ್ಲಿ ಕೂತಿದ್ದಾನೆ, ಅನ್ನ ನೀರು ಒಲ್ಲೆ ಎನ್ನುತ್ತಾನೆ, ಒಂದು ಕೈ ಮುಂದೆ ಹಿಡಿದಿದ್ದಾನೆ.

ಆಗ ಯಾರೋ, ಹಂಗಾದರೆ ನಿಮಗೇನು ಬೇಕು ಎಂದು ಕೂಗಿದರು.

ನಾನು ತೊಟ್ಟಿಲಿನಿಂದ ಹೊರಗೆ ಬಾಗಿ ಸಿಂಹದಂತೆ ಗರ್ಜಿಸಿದೆ:

"ಸಮುದ್ರ ಬೇಕು. ಖರೇ ಸಮುದ್ರ. ಅದನ್ನ ಕೊಡೂತನಾ ಇಳಿಯಂಗಿಲ್ಲ."

ಬಿದಿರು ಹಿಡಿದವರು ಬಿದಿರು ಕೆಳಗಿಟ್ಟರು.

ಆ ವರ್ಷದ ಹವೆ ನಿಮಗೆ ನೆನಪಿರಬೇಕು. ರಾಜ್ಯಗಳ ಗಡಿ ಬದಲಿಸಲು ದಿಲ್ಲಿಯಲ್ಲಿ ಆಯೋಗ ಕೂತಿತ್ತು. ಗೋಡೆ ಗೋಡೆಯ ಮೇಲೂ ಕನ್ನಡ ನಾಡು ಒಂದಾಗಲಿ ಎಂಬ ಬರಹ. ಮೇಲಾಗಿ ಅತ್ತ ಮದರಾಸಿನ ಕಡೆ ಒಬ್ಬರ ಉಪವಾಸದಿಂದ ಒಂದು ರಾಜ್ಯವೇ ಹುಟ್ಟಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಉಪವಾಸ ಎಂದರೆ ಅಧಿಕಾರಿಗಳಿಗೆ ಚಳಿಜ್ವರ. ಅಂಥ ಒಬ್ಬ ಸಾಹೇಬರು, ಯಾವ ಕಚೇರಿಯವರೆಂದು ಹೇಳುವುದಿಲ್ಲ, ಈಗ ಅವರಿಗೆ ಬಡ್ತಿಯಾಗಿದೆ, ಮಕ್ಕಳನ್ನು ಕರೆದುಕೊಂಡು ನುಮಾಯಿಶ್ ನೋಡಲು ಬಂದಿದ್ದರು. ಅವರು ಒಂದೊಂದೇ ಬೆರಳು ಮಡಚಿ ಲೆಕ್ಕ ಹಾಕಿದರಂತೆ: ಮುದುಕ ಉಣ್ಣುತ್ತಿಲ್ಲ, ಇಳಿಯುತ್ತಿಲ್ಲ, ಸಮುದ್ರ ಕೇಳುತ್ತಿದ್ದಾನೆ. ಐದನೆಯ ಬೆರಳಿಗೆ ಬರುವಷ್ಟರಲ್ಲಿ ಬೆದರಿ ಪಕ್ಕದವರಿಗೆ ಹೇಳಿಬಿಟ್ಟರು:

"ಹೈದರಾಬಾದ್ ರಾಜ್ಯದಾಗ ಸಮುದ್ರ ಎಲ್ಲೈತಿ? ಸಮುದ್ರ ಬೇಕಂದ್ರ ಕಾರವಾರ ಬೇಕು, ಕಾರವಾರ ಬೇಕಂದ್ರ ಬ್ಯಾರೆ ರಾಜ್ಯ ಬೇಕು. ಇದು ಭೂಕ್ ಹರತಾಳ ಐತಿ, ಜಬರ್ದಸ್ತ್ ತಲಿ ಓಡಿಸ್ಯಾನ ಮುದುಕ."

ಈ ಮಾತು ಕಿವಿಯಿಂದ ಕಿವಿಗೆ ಹಾರಿತು. ಅರ್ಧ ತಾಸಿನೊಳಗೆ ಅಂದಿನ ಸಂತೆಗೆ ಬಂದವರೆಲ್ಲ ಅಲ್ಲೇ. ಸಮುದ್ರ ನಮ್ಮದು ಎಂಬ ಕೂಗು ಎದ್ದಿತು. ಅದರಲ್ಲಿ ಅರ್ಧ ಜನ ಆ ತಗ್ಗನ್ನೇ ತೋರಿಸಿ ಕೂಗುತ್ತಿದ್ದರು. ಅಮೀನ್‌ಸಾಬ ಪಟ್ಟಾ ಹೊಲಿಸಿಕೊಂಡು ಓಡಿ ಬಂದ. ಜನ ಅವನನ್ನು ಎಂಜಿನ್ನಿನ ಹತ್ತಿರ ಬಿಡಲಿಲ್ಲ. ಉಪವಾಸ ಕೂತವರನ್ನು ಬಲವಂತದಿಂದ ಇಳಿಸುವುದು ಅನ್ಯಾಯ, ಬೇಡಿಕೆ ಈಡೇರಲಿ ಎಂದು ತೊಟ್ಟಿಲಿನ ಸುತ್ತ ಕೈಕೈ ಹಿಡಿದು ನಿಂತರು. ನನ್ನ ಹಿತಕ್ಕಾಗಿ ನನ್ನನ್ನು ಬಿಸಿಲಲ್ಲಿ ಕಾಯಿಸುವ ಹಕ್ಕು ಇವರಿಗೆ ಕೊಟ್ಟವರು ಯಾರು?

ಸಾಹೇಬರು ಕಂಪನಿಯ ತಗಡಿನ ಭೋಂಗಾ ಬಾಯಿಗೆ ಹಿಡಿದು ಚೌಕಾಸಿಗೆ ನಿಂತರು. ಓಣಿಗೊಂದು ಬಾವಿ ತೋಡಿಸಿ ಕೊಡೋಣವೇ ಎಂದರು. ಸಮುದ್ರ, ಎಂದು ಮೇಲಿನಿಂದ ಉತ್ತರ ಹೋಯಿತು. ಹೊಸ ಕಾಲುವೆಯಿಂದ ನಿಮ್ಮ ಹೊಲಕ್ಕೊಂದು ತೂಬು? ಸಮುದ್ರ. ಮಸ್ಕಿ ಹಳ್ಳಕ್ಕೊಂದು ಕಟ್ಟೆ? ಸಮುದ್ರ. ನಾನು ಉಪ್ಪು ಮಾರುವವನು, ಚೌಕಾಸಿಯಲ್ಲಿ ನನ್ನನ್ನು ಗೆಲ್ಲುವವರು ಹುಟ್ಟಿಲ್ಲ. ಕೊನೆಗೆ ಅವರು ಬೆವರು ಒರೆಸಿಕೊಂಡು ಉರ್ದುವಿನಲ್ಲಿ ಒಂದು ಕಾಗದ ಬರೆದು ಬಿದಿರಿಗೆ ಸಿಕ್ಕಿಸಿ ಕಳಿಸಿದರು: ಸಮುದ್ರದ ಬಗ್ಗೆ ತಮ್ಮ ಬೇಡಿಕೆ ಸ್ವೀಕರಿಸಲಾಗಿದೆ, ಮೇಲಕ್ಕೆ ಕಳಿಸಲಾಗುವುದು. ಓದಿ, ಮಡಚಿ, ಜೇಬಿಗಿಟ್ಟು, ಇಳಿಸಲು ಅಪ್ಪಣೆ ಕೊಟ್ಟೆ.

ಇಳಿದರೂ ಬಿಡುಗಡೆಯಿಲ್ಲ. ಸಾಹೇಬರು ತಮ್ಮ ಕೈಯಾರೆ ನಿಂಬೆಹಣ್ಣಿನ ಶರಬತ್ತು ಮಾಡಿ, ಉಪವಾಸ ಮುರಿಯಬೇಕೆಂದು ಮುಂದೆ ಹಿಡಿದರು. ಪೂಜೆ ಮುಗಿದಿರಲಿಲ್ಲ, ನಾನು ಒಲ್ಲೆ ಎಂದೆ. ಇಳಿದ ಮೇಲೂ ಬಿಡಲಿಲ್ಲ, ಗಟ್ಟಿ ಆಳು ಎಂದು ಜನ ನನ್ನನ್ನು ಹೆಗಲ ಮೇಲೇರಿಸಿಕೊಂಡರು. ಎಲ್ಲಿಗೆ ಎಂದು ಕೇಳಿದಾಗ ಸ್ವಾಮಿಗಳ ಮನೆಗೆ ಎಂದೆ. ಮೆರವಣಿಗೆ ಅಲ್ಲಿಗೆ ಹೋಯಿತು. ನಾನು ಸ್ನಾನ ಮಾಡಿ, ಪೂಜೆ ಮುಗಿಸಿ, ಪಡಸಾಲೆಯಲ್ಲಿ ಕೂತು ಏಳು ಜೋಳದ ರೊಟ್ಟಿ ತಿಂದೆ. ಕಿಟಕಿಯ ಹೊರಗೆ ಮುನ್ನೂರು ಜನ ನಿಂತು ಒಂದೊಂದು ತುತ್ತೂ ನೋಡಿದರು. ನಾಲ್ಕನೆಯ ರೊಟ್ಟಿಗೆ ಜನ ಕರಗತೊಡಗಿದರು. ಹತ್ತು ದಿನವಾದರೂ ನಡೆಸಬೇಕಿತ್ತು, ಮಧ್ಯಾಹ್ನಕ್ಕೇ ಮುಗಿಸಿಬಿಟ್ಟ ಎಂದು ಒಬ್ಬ ಗೊಣಗಿದ್ದು ನನಗೆ ಕೇಳಿಸಿತು. ನಾನು ಸಾಯಲಿಲ್ಲವೆಂದು ಅವನಿಗೆ ಬೇಜಾರು.

ಪತ್ರಿಕೆಯಲ್ಲಿ ಮೂರು ಸಾಲು ಬಂತು: ಸಿಂಧನೂರಿನಲ್ಲಿ ತೊಟ್ಟಿಲು ಕೆಟ್ಟು ವೃದ್ಧನೊಬ್ಬ ಸಿಕ್ಕಿಕೊಂಡಿದ್ದ. ಹೆಸರಿಲ್ಲ, ಸಮುದ್ರದ ಮಾತಿಲ್ಲ. ಆದರೂ ನಾನು ನುಂಗಿಕೊಂಡೆ. ಸೂಟಿ ಮುಗಿದು ಪಂಪಿ ಲಿಂಗಸುಗೂರಿಗೆ ಹೋದಳು. ಕರಿಬಸಪ್ಪ ಕೇಳಿದ್ದಕ್ಕೆ, ಅಜ್ಜ ಸಮುದ್ರ ತೋರಿಸಿದ ಎಂದು ಒಂದೇ ಮಾತು ಹೇಳಿದಳಂತೆ. ಆ ಮನೆಯಲ್ಲಿ ನನ್ನ ಹೆಸರು ಉಳಿಯಿತು. ಎರಡು ವರ್ಷಕ್ಕೆ ಸಮುದ್ರವೂ ಬಂತು. ನನ್ನ ಬೇಡಿಕೆ ಮೇಲಕ್ಕೆ ಹೋಗಿ, ಇನ್ನೂ ಮೇಲಕ್ಕೆ ಹೋಗಿ, ಎಲ್ಲೆಲ್ಲಿ ಏನೇನು ಮಾಡಿತೋ ಆ ಸಾಹೇಬರಿಗೇ ಗೊತ್ತು.

ನವೆಂಬರ್ ಒಂದರ ಸಂಜೆ ನಾನು ಲಿಂಗಸುಗೂರಿನಲ್ಲೇ ಇದ್ದೆ. ಶಾಲೆಯ ಮಕ್ಕಳ ಮೆರವಣಿಗೆ ಮುಗಿದಿತ್ತು. ಬೀಗರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ. ಪಂಪಿ ಈಗ ಹನ್ನೊಂದು ವರ್ಷದವಳು, ತಾಟಿನಲ್ಲಿ ಬೂಂದಿ ಹಂಚುತ್ತಿದ್ದಳು. ಇದಕ್ಕಿಂತ ತಕ್ಕ ಸಭೆ ಯಾವುದು? ಮಸ್ಕಿಯಲ್ಲಿ ನೂರು ಸಲ ಹೇಳಿದ್ದನ್ನು, ಇಲ್ಲಿಯವರೆಗೆ ನಿಮಗೆ ಹೇಳಿದ್ದನ್ನು, ಅಕ್ಷರ ಬಿಡದೆ ಹೇಳಿದೆ. ಹೊರಗೆ ಬಾಗಿ ಸಿಂಹದಂತೆ ಗರ್ಜಿಸಿದೆ ಎನ್ನುವಲ್ಲಿಗೆ ಬಂದಾಗ ತಾಟು ನೆಲಕ್ಕಿಟ್ಟ ಸದ್ದಾಯಿತು.

"ಅಜ್ಜಾ, ಒದರಿದಾಕಿ ನಾನು."

ಅವಳ ಗಲ್ಲ ಉಬ್ಬಿತ್ತು. "ಸಮುದ್ರ ಬೇಕು ಅಂದಾಕೀನೂ ನಾನು. ಬಾವಿ ಒಲ್ಲೆ, ಕಟ್ಟಿ ಒಲ್ಲೆ ಅಂದಾಕೀನೂ ನಾನು. ನನ್ನ ಮಾತು ನಿನ್ನ ಮಾತು ಅಂತ ಹೆಂಗ ಹೇಳ್ತೀ?"

ಕರಿಬಸಪ್ಪ ನಗಲಿಲ್ಲ. ಅವನು ಎಂದೂ ನಗುವುದಿಲ್ಲ, ಅದೇ ಅವನ ಕೆಟ್ಟ ಗುಣ. ಎಲೆ ಅಡಿಕೆಯ ಚೀಲ ಬದಿಗಿಟ್ಟು ಮೊಮ್ಮಗಳನ್ನು ಕೇಳಿದ: "ನೀ ಒದರಿದ್ರ, ಅಜ್ಜ ಏನ್ ಮಾಡಾಕತ್ತಿದ್ದ?"

ಪಂಪಿ ನನ್ನ ಕಡೆ ನೋಡಿದಳು. ಗಲ್ಲ ಇಳಿಯಿತು. "ಪೂಜಿ ಮಾಡಾಕತ್ತಿದ್ದ" ಎಂದಳು.

"ಬೊಂಬಾಯಿ ಸಮುದ್ರ ಖರೇನ ನೋಡ್ಯಾನೇನು?"

"ನೋಡ್ಯಾನ" ಎಂದಳು, ಕಣ್ಣು ಮಿಟುಕಿಸದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಮೀನ್‌ಸಾಬನ ಮೇಲೆ, ಸಾಹೇಬರ ಮೇಲೆ, ಪತ್ರಿಕೆಯವರ ಮೇಲೆ ಬಂದದ್ದು ಇದರ ಮುಂದೆ ಏನೂ ಅಲ್ಲ. ಈ ವಂಶದಲ್ಲಿ ಸುಳ್ಳು ಹೇಳುವುದು ನನ್ನ ಕೆಲಸ. ಆ ಕೂಸಿಗೆ ಆ ಕೆಲಸ ಹಚ್ಚಿದವರು ಯಾರು? ಎರಡು ವರ್ಷದಿಂದ ಈ ಮನೆಯಲ್ಲಿ ಒಬ್ಬಳೇ ನನ್ನ ಸುಳ್ಳು ಹೊತ್ತುಕೊಂಡು ತಿರುಗುವಂತೆ ಮಾಡಿದವರು ಯಾರು? ಹುಡುಕಿದೆ. ಪಡಸಾಲೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಹೇಳಿಬಿಟ್ಟೆ. ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಾನು ಸಮುದ್ರ ನೋಡಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಬೊಂಬಾಯಿಗೆಂದು ಹೊರಟದ್ದು ನಿಜ. ರಾಯಚೂರು ಸ್ಟೇಶನ್ನಿನಲ್ಲಿ ರೈಲು ಬುಸುಗುಟ್ಟುತ್ತ ಬಂದದ್ದು ನೋಡಿ ಕಾಲು ಏಳಲಿಲ್ಲ. ಮೂರು ದಿನ ಒಬ್ಬ ನೆಂಟರ ಮನೆಯಲ್ಲಿ ಉಂಡು, ಸ್ಟೇಶನ್ನಿನ ಹಮಾಲರಿಂದ ಬೊಂಬಾಯಿಯ ಸುದ್ದಿ ಕೇಳಿಕೊಂಡು, ಕೊಬ್ಬರಿಯನ್ನು ರಾಯಚೂರಿನಲ್ಲೇ ಖರೀದಿಸಿ ಮಸ್ಕಿಗೆ ಬಂದೆ. ಕಲ್ಯಾಣಮ್ಮನಿಗೆ ಇದು ಮೊದಲಿನಿಂದ ಗೊತ್ತು; ಆ ನೆಂಟರು ಅವಳ ಸೋದರಮಾವ.

ತೊಟ್ಟಿಲು ನಿಂತಾಗ ನಾನು ಹದ್ದು ನೋಡಲಿಲ್ಲ, ತುಂಗಭದ್ರೆ ನೋಡಲಿಲ್ಲ. ಕಣ್ಣು ಮುಚ್ಚಿದವನು ನೆಲಕ್ಕೆ ಇಳಿಯುವ ತನಕ ತೆರೆಯಲಿಲ್ಲ. ಬಿದಿರಿನಿಂದ ಪಂಪಿ ತೆಗೆದುಕೊಂಡ ಆ ಕಾಗದವನ್ನೂ ನಾನು ಇಳಿದ ಮೇಲೆಯೇ ಓದಿದ್ದು. ಎಡಗೈಯಲ್ಲಿ ಲಿಂಗ ಇದ್ದದ್ದು ಸತ್ಯ, ಅಷ್ಟು ಮನಸ್ಸಿಟ್ಟು ನಾನು ಜನ್ಮದಲ್ಲಿ ಪೂಜೆ ಮಾಡಿಲ್ಲ. ಆಗ ಪಂಪಿ ಕಿವಿಯ ಹತ್ತಿರ ಬಂದು, ಬೊಂಬಾಯಿ ತೊಟ್ಟಿಲಲ್ಲೂ ಹೀಗೇ ಹೆದರಿದ್ದೆಯಾ ಅಜ್ಜ ಎಂದು ಕೇಳಿದಳು. ಬೊಂಬಾಯಿಯೂ ಇಲ್ಲ, ಸಮುದ್ರವೂ ಇಲ್ಲ ಮಗಳೇ ಎಂದೆ. ಅವಳು ಆಮೇಲೆ ಕೆಳಗಿನಿಂದ ಏನು ಬೇಕು ಎಂದು ಕೇಳಿದ ದನಿಗೆ, ನನಗಾಗಿ ಕಾದಿಟ್ಟ ಸಿಟ್ಟನ್ನೆಲ್ಲ ಸೇರಿಸಿ, ಸಿಂಧನೂರು ನಡುಗುವಂತೆ ಒದರಿದಳು. ಅಷ್ಟು ಎತ್ತರದಿಂದ ಬಂದ ದನಿ ಮುದುಕನದೋ ಕೂಸಿನದೋ ಕೆಳಗಿನವರಿಗೆ ತಿಳಿಯಲಿಲ್ಲ.

ಆದ್ದರಿಂದ ಪತ್ರಿಕೆಯವರು ಈಗಲಾದರೂ ತಿದ್ದಿಕೊಳ್ಳಬೇಕು. ರಾಯಚೂರು ಜಿಲ್ಲೆಗೆ ಸಮುದ್ರ ಕೇಳಿದವಳು ಲಿಂಗಸುಗೂರಿನ ಪಂಪಮ್ಮ. ನಾನು ಅವಳ ಜಡೆ ಗಟ್ಟಿಯಾಗಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.